ಬೀಜ ಬಲ್ಲ ತುಳಸಜ್ಜಿ



ಘಟ್ಟದ ಕೆಳಗೆ, ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ 2024ರ ಡಿಸೆಂಬರ್ 16ರಂದು ತುಳಸಿ ಗೌಡರು ತೀರಿಕೊಂಡರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಜನರಿಗೆ ಅವರು ದೂರದವರಲ್ಲ. ಜಿಲ್ಲೆ ಒಂದೇ, ಮತ್ತಿ-ಹೊನ್ನೆ-ನಂದಿ ಬೆಳೆಯುವ ಸಹ್ಯಾದ್ರಿಯೂ ಒಂದೇ. ಪತ್ರಿಕೆಗಳು ಅವರನ್ನು ವೃಕ್ಷಮಾತೆ ಎಂದವು. ಬಲ್ಲವರ ಬಾಯಲ್ಲಿ ಅವರು ತುಳಸಜ್ಜಿ.

ಹಾಲಕ್ಕಿ ಒಕ್ಕಲಿನ ಬಡ ಮನೆಯಲ್ಲಿ ಹುಟ್ಟಿದ ಅವರು ಎರಡರ ಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಾಯಿ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗುತ್ತಿದ್ದರು. ಮಗಳೂ ಬೆನ್ನಿಗೇ ಹೊರಟಳು. ಎಳವೆಯಲ್ಲಿಯೇ ಮದುವೆ, ಮಕ್ಕಳು, ಮುಂದೆ ವೈಧವ್ಯ. ಈ ಎಲ್ಲದರ ನಡುವೆಯೂ ನರ್ಸರಿಯ ಮಡಿಗಳ ಕೆಲಸ ತಪ್ಪಲಿಲ್ಲ.

ಅಲ್ಲಿ ಅವರು ಗಳಿಸಿದ ವಿದ್ಯೆ ಯಾವುದು? ಸಸಿ ನೆಡುವುದನ್ನು ಯಾರೂ ಕಲಿಯಬಹುದು. ಬೀಜ ಆರಿಸುವುದು ಬೇರೆಯೇ ಮಾತು. ಕಾಡಿನಲ್ಲಿ ನೂರು ಮರಗಳಿದ್ದರೂ ಎಲ್ಲವೂ ತಾಯಿಮರಗಳಲ್ಲ. ನೆಟ್ಟಗೆ ಬೆಳೆದು, ರೋಗವಿಲ್ಲದೆ, ತುಂಬಿ ಕಾಯುವ ಮರವನ್ನು ಗುರುತಿಸಬೇಕು. ಬೀಜ ಬಲಿತ ದಿನವನ್ನು ಅರಿಯಬೇಕು. ಮೊದಲೇ ಕಿತ್ತರೆ ಎಳಸು, ತಡವಾದರೆ ಹುಳುವಿನ ಪಾಲು. ಸಾಗವಾನಿ ಬೀಜವನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಬೇಕು. ರಾಮಪತ್ರೆ, ಹಲಸು, ನೇರಳೆಗಳ ಸ್ವಭಾವ ಇದಕ್ಕೆ ವಿರುದ್ಧ. ಒಣಗಿಸಿದರೆ ಜೀವವೇ ಹೋಗುತ್ತದೆ, ಹಸಿಯಾಗಿರುವಾಗಲೇ ಮಣ್ಣಿಗಿಳಿಸಬೇಕು. ತಾಯಿಮರವನ್ನು ಗುರುತಿಸುವುದರಲ್ಲಿ, ಬೀಜದ ಹದವರಿಯುವುದರಲ್ಲಿ ತುಳಸಜ್ಜಿಗಿದ್ದ ನೈಪುಣ್ಯವನ್ನು ಅರಣ್ಯಾಧಿಕಾರಿಗಳೂ ಒಪ್ಪಿಕೊಂಡಿದ್ದರು.

ಅಂತಹ ಜ್ಞಾನಕ್ಕೆ ಸಿಕ್ಕ ಬೆಲೆಯನ್ನೂ ಹೇಳಬೇಕು. ಸುಮಾರು ಮೂರೂವರೆ ದಶಕ ಅವರು ದಿನಗೂಲಿ. ಕಾಯಂ ನೌಕರಿ ದೊರೆತದ್ದು ಬಹಳ ತಡವಾಗಿ. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರ್‌ನಲ್ಲಿ ಹಾಲಕ್ಕಿ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಧರಿಸಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದ ಚಿತ್ರವನ್ನು ನಾಡೆಲ್ಲ ನೋಡಿತು. ಅವರು ಬೆಳೆಸಿದ ಗಿಡಗಳು ಮೂವತ್ತು ಸಾವಿರವೆಂದು ಒಬ್ಬರು, ಲಕ್ಷವೆಂದು ಇನ್ನೊಬ್ಬರು ಬರೆದರು. ಲೆಕ್ಕ ಬೇಕಾಗಿದ್ದುದು ಬರೆಯುವವರಿಗೆ; ಅಜ್ಜಿ ಗಿಡ ಎಣಿಸುತ್ತ ಕೂತವರಲ್ಲ.

ಅವರನ್ನು 'ಕಾಡಿನ ವಿಶ್ವಕೋಶ' ಎಂದೂ ಕರೆದರು. ಪ್ರೀತಿಯ ಮಾತೇ ಸರಿ. ಆದರೆ ವಿಶ್ವಕೋಶವಾದರೆ ಕಪಾಟಿನಲ್ಲಿ ಉಳಿಯುತ್ತದೆ, ಬೇಕಾದಾಗ ತೆರೆದು ನೋಡಬಹುದು. ಅಜ್ಜಿಯ ಅರಿವು ಇದ್ದದ್ದು ಕಣ್ಣಿನಲ್ಲಿ, ಬೆರಳಿನಲ್ಲಿ. ಜೊತೆಗೆ ನಡೆದು ಕಲಿತವರಿಗಷ್ಟೇ ಅದು ದಾಟುವಂಥದ್ದು.

ಘಟ್ಟದ ಮೇಲೂ ಇಂಥ ಅಜ್ಜಿಯರಿದ್ದಾರೆ. ಜೋಯಿಡಾದ ಕುಣಬಿ ಕೇರಿಗಳಲ್ಲಿ ಗೆಡ್ಡೆ-ಗೆಣಸಿನ ತಳಿಗಳನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಬಂದವರು ಹೆಂಗಸರೇ. ಹಳಿಯಾಳ, ಮುಂಡಗೋಡಗಳ ಸಿದ್ದಿ, ಗೌಳಿ ಮನೆಗಳ ಹಿರಿಯರಿಗೆ ಯಾವ ಸೊಪ್ಪು ಯಾವ ತಿಂಗಳಿಗೆ ಎಂಬುದು ಗೊತ್ತು. ಅವರಿಗೆ ಪ್ರಶಸ್ತಿಯಿಲ್ಲ, ಹೆಸರು ಪತ್ರಿಕೆಗೆ ಬಂದಿಲ್ಲ. ಮೊಮ್ಮಕ್ಕಳು ಹಾಸ್ಟೆಲ್ಲಿನಲ್ಲಿ ಓದುತ್ತಾರೆ, ಓದಲೇಬೇಕು. ಆದರೆ ರಜೆಗೆ ಊರಿಗೆ ಬಂದಾಗ ಒಂದು ಬೆಳಗು ಅಜ್ಜಿಯ ಹಿಂದೆ ಕಾಡಿಗೆ ಹೋಗಿ, ಇಂಥದೇ ಮರದ ಬೀಜ ಏಕೆ ಎಂದು ಕೇಳಿ ಬರೆದಿಟ್ಟುಕೊಳ್ಳಲು ಯಾವ ಇಲಾಖೆಯ ಅಪ್ಪಣೆಯೂ ಬೇಡ.

ಮುಂಗಾರಿನ ಹೊತ್ತಿಗೆ ನೇರಳೆ ಹಣ್ಣಾಗುತ್ತದೆ. ಅಲ್ಲಿಂದಲೇ ತೊಡಗಬಹುದು.