ಕಿರಿದಾಗಿ ಕಂಡ ಪೇಟೆ



ಈಚೆಗೆ ನಮ್ಮ ವಿದ್ಯಾರ್ಥಿಯೊಬ್ಬನು ಶಾಲೆಯ ಮಾಳಿಗೆಯಿಂದ ಔರಾದ ಶಹಾಜನಿಯ ಪೇಟೆಯ ಛಾಯಾಚಿತ್ರವನ್ನು ತೆಗೆದು, ಅದರ ಮೇಲಂಚು ಕೆಳಂಚುಗಳನ್ನು ಮೊಬೈಲಿನಲ್ಲಿಯೇ ಮಸುಕುಗೊಳಿಸಿ ತಂದು ತೋರಿಸಿದನು. ನಿಜವಾದ ಪೇಟೆಯು ಮಕ್ಕಳ ಆಟಿಕೆಯಂತೆ ಕಂಡಿತು.

ಇದರ ಮರ್ಮವಿಷ್ಟೆ: ಸಣ್ಣ ವಸ್ತುವನ್ನು ತೀರ ಸಮೀಪದಿಂದ ಚಿತ್ರಿಸಿದಾಗ ಅದರ ಹಿಂದುಮುಂದು ಮಸುಕಾಗುತ್ತದೆ, ದೂರದ ದೃಶ್ಯದಲ್ಲಿ ಸಾಮಾನ್ಯವಾಗಿ ಎಲ್ಲವೂ ಸ್ಪಷ್ಟವಾಗಿರುತ್ತದೆ. ಆದುದರಿಂದ ಮಸುಕನ್ನು ಕಂಡೊಡನೆ ಮನಸ್ಸು ಅದನ್ನು ಹತ್ತಿರದ ಚಿಕ್ಕ ವಸ್ತುವೆಂದು ಭ್ರಮಿಸುತ್ತದೆ. ಮಸೂರವನ್ನು ಓರೆಮಾಡಿಯೂ ಈ ಪರಿಣಾಮವನ್ನು ಪಡೆಯುವರು. ಆ ಓರೆಯ ನಿಯಮವನ್ನು 1904ರಲ್ಲಿ ವಿವರಿಸಿದ ಆಸ್ಟ್ರಿಯದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲುಗ್ ಅವರ ಉದ್ದೇಶವಾದರೋ, ಆಕಾಶದಿಂದ ತೆಗೆದ ಚಿತ್ರಗಳ ವಕ್ರತೆಯನ್ನು ತಿದ್ದುವುದಾಗಿತ್ತು!

ಚಿತ್ರದಲ್ಲಿ ತೊಗರಿಯ ಚೀಲ ಹೊತ್ತ ಬೊಂಬೆಯೊಂದನ್ನು ಕಂಡು ನಾವೆಲ್ಲರೂ ನಕ್ಕೆವು. "ಗುರುಗಳೇ, ಅಂವ ನಮ್ಮಪ್ಪ ಇದ್ದಾನ್ರಿ" ಎಂದನು ಇನ್ನೊಬ್ಬ ಬಾಲಕ. ನಮ್ಮ ನಗೆ ಅಡಗಿತು. ಚಿತ್ರವು ಆ ಚೀಲದ ಭಾರವನ್ನು ಗುಲಗಂಜಿಯಷ್ಟೂ ಇಳಿಸಿರಲಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮೂರು ಬೀದರ ಜಿಲ್ಲೆಯಲ್ಲಿತ್ತು. ಈಗ ಮಹಾರಾಷ್ಟ್ರದ ಕಡೆಯ ಗಡಿಯೂರಾಗಿದೆ. ಸುತ್ತಲಿನ ಹಳ್ಳಿಗಳನ್ನೂ ಇಲ್ಲಿಯ ಮಕ್ಕಳ ಮನೆಮಾತನ್ನೂ ಮಸುಕುಮಾಡಿ ನೋಡುವವರಿಗೆ ಈ ಕನ್ನಡ ಶಾಲೆಯೂ ಆಟಿಕೆಯೇ. ಅವರನ್ನು ಹಳಿಯುವುದು ಬೇಡ. ನಾವೂ ನಕ್ಕವರೇ ಅಲ್ಲವೆ?

ವಿದ್ಯಾರ್ಥಿಗಳೇ, ಛಾಯಾಚಿತ್ರದ ಈ ಚಮತ್ಕಾರವನ್ನು ಅವಶ್ಯವಾಗಿ ಕಲಿಯಿರಿ. ಆದರೆ ಮನುಷ್ಯನನ್ನು ಅಳೆಯುವಾಗ ಮಾತ್ರ ಸುತ್ತಲಿನದನ್ನೆಲ್ಲ ಸ್ಪಷ್ಟವಾಗಿರಿಸಿಕೊಂಡು ನೋಡಿರಿ.