ತಾಕತ್ತಿದ್ದರೆ ಅಬ್ಬೆ ದುಬುವಾ ಬಗ್ಗೆ ಬರೆಯಿರಿ
(ಯಲಹಂಕದ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದಿಂದ ಬಸ್ಸು ಹಿಡಿದು ಬಂದಿದ್ದೀರಿ. ಕನ್ನಡ ವಿಶ್ವಕೋಶಕ್ಕೆ ಯಾರ ಜೀವನಚರಿತ್ರೆ ಬರೆಯೋಣ ಎಂದು ಕೇಳಿದರೆ ನೀವು ಕಿಟ್ಟೆಲ್ ಅನ್ನುತ್ತೀರಿ. 1894ರಲ್ಲಿ ನಿಘಂಟು ಕೊಟ್ಟ ಆ ಪಾದ್ರಿಗೆ ಬೆಂಗಳೂರಲ್ಲಿ ಪ್ರತಿಮೆ ನಿಲ್ಲಿಸಿದ್ದೇವೆ. ಮೆಚ್ಚಿದವರ ಬಗ್ಗೆ ಬರೆಯುವುದು ಏನು ಮಹಾ? ಬೈಸಿಕೊಂಡ ಪಾದ್ರಿಯೊಬ್ಬನ ಬಗ್ಗೆ ನ್ಯಾಯವಾಗಿ ಬರೆಯಿರಿ ನೋಡೋಣ. ಅಬ್ಬೆ ದುಬುವಾ ಬಗ್ಗೆ ಬರೆಯಿರಿ. (ಅಬ್ಬೆ ಅಂದರೆ ನಮ್ಮ ಹಳೆಗನ್ನಡದಲ್ಲಿ ತಾಯಿ, ಫ್ರೆಂಚರಿಗೆ ಪಾದ್ರಿ!)

1792ರಲ್ಲಿ ಫ್ರಾನ್ಸ್ ಬಿಟ್ಟು ಬಂದವನು ಈತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ಕೆಲಸಕ್ಕಿಳಿದ. ನಮ್ಮವರ ಹಾಗೆ ಬಟ್ಟೆ ತೊಟ್ಟ, ನಮ್ಮವರ ಹಾಗೆ ಬದುಕಿದ. ಜನ ದೊಡ್ಡ ಸ್ವಾಮಿಯವರು ಅಂದರು. ಸಿಡುಬಿಗೆ ದಾಕು ಹಾಕಿಸಲು ಓಡಾಡಿದ. ಅದೇ ಕೈಯಲ್ಲಿ ನಮ್ಮ ಜಾತಿ, ಪೂಜೆ, ಮದುವೆ, ಸೂತಕ ಎಲ್ಲದರ ಮೇಲೂ ಒಂದು ದಪ್ಪ ಪುಸ್ತಕ ಬರೆದ. ಅದರ ಹಸ್ತಪ್ರತಿಯನ್ನು ಬೆಂಟಿಂಕ್ 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ 8,000 ರೂಪಾಯಿ ಕೊಟ್ಟು ಕೊಂಡ. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ನಮ್ಮನ್ನು ಆಳಲು ಬಂದ ಬಿಳಿಯರು ಇವನ ಕನ್ನಡಕ ಹಾಕಿಕೊಂಡು ನಮ್ಮನ್ನು ನೋಡಿದರು. ಸಿಟ್ಟು ಬರುತ್ತದೆಯೇ? ಬರಲಿ. ಆದರೆ ಪೆನ್ನು ಹಿಡಿಯುವ ಮುಂಚೆ ಮುಂದಿನದನ್ನೂ ಕೇಳಿ.

1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ಒಂದು ಗುಟ್ಟು ರಟ್ಟು ಮಾಡಿದರು. ದುಬುವಾ ತನ್ನದೆಂದು ಕೊಟ್ಟ ಪುಸ್ತಕದ ಬಹುಪಾಲು ಕೂರ್ಡು ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದು. ಆ ಕೂರ್ಡು ತೆಲುಗು ಬಲ್ಲವನು, 1779ರಲ್ಲೇ ತೀರಿಕೊಂಡವನು. ಅಂದರೆ ಮೈಸೂರಿನಲ್ಲಿ ಕಣ್ಣಾರೆ ಕಂಡದ್ದು ಎಂದು ನಾವು ನಂಬಿದ್ದರಲ್ಲಿ ಎಷ್ಟೋ ಸಂಗತಿ ಬೇರೆ ಸೀಮೆಯದು, ಹಿಂದಿನ ತಲೆಮಾರಿನದು. ನಮ್ಮ ಅಜ್ಜ ಅಜ್ಜಿಯರ ನಡವಳಿಕೆಗೆ ಇವನನ್ನು ಸಾಕ್ಷಿಗೆ ಕರೆಯುವವರು ಇದಕ್ಕೆ ಉತ್ತರ ಕೊಡಬೇಕು. ಹಾಗಂತ 'ಕಳ್ಳ ಪಾದ್ರಿ' ಎಂದು ಶೀರ್ಷಿಕೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಯಾರು, ಯಾವಾಗ, ಏನು ತೋರಿಸಿದರು ಎಂದು ಹೆಸರು, ಇಸವಿ ಸಮೇತ ಬರೆಯಿರಿ. ಬೈಗುಳಕ್ಕಿಂತ ಅದು ಗಟ್ಟಿ.

ಮತಾಂತರದ ಮಾತೂ ಬರುತ್ತದೆ. 1823ರ ಪತ್ರಗಳ ಪುಸ್ತಕದಲ್ಲಿ ಈತ ಹೇಳಿದ್ದು, ಈಗಿನ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಅಂತ! ಪ್ರಾಟೆಸ್ಟೆಂಟ್ ಪಾದ್ರಿಗಳು ಮೈಮೇಲೆ ಬಿದ್ದು ಉತ್ತರ ಬರೆದರು. ಹೀಗಿರುವಾಗ ಒಂದೇ ಪುಟದಲ್ಲಿ 'ಮತಾಂತರಿ' ಎಂದು ಮುಗಿಸಿದರೆ ಆಗುತ್ತದೆಯೇ? ಟಿಪ್ಪು ವಿಷಯದಲ್ಲಂತೂ ಎರಡೂ ಕಡೆಯವರು ಕಾದು ಕೂತಿರುತ್ತಾರೆ. ಸೆರೆಯಾದ ಕ್ರೈಸ್ತರು 60,000 ಎಂದು ದುಬುವಾ ಬರೆದ. ಆತ ಮೈಸೂರಿಗೆ ಬಂದದ್ದು ಟಿಪ್ಪು ಸತ್ತ ಮೇಲೆ. 'ದುಬುವಾ ಹೇಳುವಂತೆ' ಎಂಬ ಎರಡು ಪದ ಬಿಟ್ಟರೆ ಕೇಳಿದ ಮಾತು ಕಂಡ ಸತ್ಯವಾಗುತ್ತದೆ. ಅಂಕಿ ಮುಚ್ಚಿಟ್ಟರೂ ಮೋಸ, ಆ ಎರಡು ಪದ ಬಿಟ್ಟರೂ ಮೋಸ.

ನಿಮ್ಮದೇ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ನೋಡಿ. ಕ್ರಿ.ಶ. 750ರ ಸುಮಾರಿನದು. ಕಾಳಗದಲ್ಲಿ ಸತ್ತವನ ಹೆಸರು ಅದರಲ್ಲಿದೆ. ಅವನು ಕಪ್ಪಗಿದ್ದನೋ ಬೆಳ್ಳಗಿದ್ದನೋ ಇಲ್ಲ. ಓದುವವರು ಇದ್ದದ್ದನ್ನು ಓದುತ್ತಾರೆ, ಇಲ್ಲದ್ದನ್ನು ಸೇರಿಸುವುದಿಲ್ಲ. ಪಾದ್ರಿಗೂ ಅದೇ ಲೆಕ್ಕ. ಹಾಸನದ ಶೆಟ್ಟಿಹಳ್ಳಿ ಇಗರ್ಜಿಯನ್ನು ದುಬುವಾ ಕಟ್ಟಿಸಿದ ಎಂದು ಒಬ್ಬರು, ಅದು 1860ರ ದಶಕದ್ದು ಎಂದು ಇನ್ನೊಬ್ಬರು ಬರೆಯುತ್ತಾರೆ. ಆತ 1823ರಲ್ಲೇ ಕಂಪನಿಯ ಪಿಂಚಣಿ ಪಡೆದು ಫ್ರಾನ್ಸಿಗೆ ಹೋದ, 1848ರಲ್ಲಿ ಸತ್ತ. ಸತ್ತವನು ಬಂದು ಗೋಡೆ ಎತ್ತಿದನೇ? ಇಂಥದ್ದನ್ನು ಹಿಡಿಯಲು ದೊಡ್ಡ ಡಿಗ್ರಿ ಬೇಡ, ಎರಡು ಇಸವಿ ಪಕ್ಕ ಪಕ್ಕ ಇಟ್ಟು ನೋಡುವ ಬುದ್ಧಿ ಸಾಕು.

ಇಷ್ಟೆಲ್ಲ ಇಂಗ್ಲಿಷಿನಲ್ಲಿದೆ, ಫ್ರೆಂಚಿನಲ್ಲಿದೆ. ಕನ್ನಡದಲ್ಲಿ ಬೇಕಲ್ಲ? ಮುಂದಿನ ಭಾನುವಾರ ನಾಲ್ಕು ಜನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೆ ಹೋಗುವ ದಿನ ಗೊತ್ತು ಮಾಡಿ. ಅಲ್ಲಿ ಮಿಷನರಿ ಕಾಗದಪತ್ರಗಳ ಭಂಡಾರವಿದೆ. ಪ್ರಾಟೆಸ್ಟೆಂಟರು ದುಬುವಾನ ಎದುರಾಳಿಗಳು ಎಂಬುದು ನೆನಪಿರಲಿ. ಮೊದಲು ಅನುಮತಿ ಪತ್ರ ಬರೆಯಿರಿ, ಕನ್ನಡದಲ್ಲೇ.