ನೆರೆಯವನು ಯಾರು?

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಎಲ್ಲ ಧರ್ಮಗಳ ಸಾರವನ್ನೂ ಒಂದೊಂದು ಸಂಜೆ ಕೇಳೋಣವೆಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಇಂದು ಕ್ರೈಸ್ತಧರ್ಮದ ಸರದಿ. ಇಲ್ಲಿ ಕುಳಿತವರಲ್ಲಿ ಕ್ರೈಸ್ತರು ಕೆಲವರು, ಅಲ್ಲದವರೇ ಹೆಚ್ಚು. ಆದುದರಿಂದ ಗಹನವಾದ ತತ್ತ್ವವಿಚಾರಗಳಿಗೆ ಕೈಹಾಕದೆ, ಕ್ರೈಸ್ತನು ದೇವರಿಗೆ ವಿಧೇಯನಾಗಿ ನಡೆಯುವುದೆಂದರೇನು ಎಂಬ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ.

ಈ ಪ್ರಶ್ನೆಯನ್ನು ಒಬ್ಬ ಶಾಸ್ತ್ರಿಯು ಯೇಸುಸ್ವಾಮಿಯನ್ನೇ ಕೇಳಿದ್ದುಂಟು. ಮೋಶೆಯ ಧರ್ಮಶಾಸ್ತ್ರದಲ್ಲಿರುವ ಆಜ್ಞೆಗಳು ಒಂದೆರಡಲ್ಲ. ಯೆಹೂದ್ಯ ಪಂಡಿತರು ಅವನ್ನು 613 ಎಂದು ಎಣಿಸಿದ್ದಾರೆ. ಇವುಗಳಲ್ಲಿ ಮೊದಲನೆಯದು ಯಾವುದು? ಯೇಸು ಎರಡನ್ನು ಆರಿಸಿ ಹೇಳಿದರು. ಇಡೀ ಮನಸ್ಸಿನಿಂದ, ಇಡೀ ಶಕ್ತಿಯಿಂದ ದೇವರನ್ನು ಪ್ರೀತಿಸುವುದು ಒಂದು, ಇದು ಧರ್ಮೋಪದೇಶಕಾಂಡದಲ್ಲಿದೆ. ನೆರೆಯವನನ್ನು ತನ್ನಂತೆ ಎಣಿಸಿ ಪ್ರೀತಿಸುವುದು ಇನ್ನೊಂದು, ಇದು ಯಾಜಕಕಾಂಡದಲ್ಲಿದೆ. ಎರಡೂ ಹಳೆಯ ಮಾತುಗಳೇ. ಆದರೆ ಮಿಕ್ಕ ಶಾಸ್ತ್ರವೆಲ್ಲ ಈ ಎರಡನ್ನೇ ಆತುಕೊಂಡು ನಿಂತಿದೆ ಎಂದು ಅವರು ತಿಳಿಸಿದರು.

ಪ್ರೀತಿಯು ತಾನಾಗಿ ಹುಟ್ಟುವ ಭಾವನೆಯಲ್ಲವೇ, ಅದನ್ನು ಆಜ್ಞೆಯಿಂದ ಹುಟ್ಟಿಸುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಬೇಕಾದರೆ ಯಾಜಕಕಾಂಡದ 19ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಬೇಕು. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೂ ಪರದೇಶಿಗೂ ಬಿಡಬೇಕು. ದಿನಗೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು. ಕಿವುಡನನ್ನು ಬೈಯಬಾರದು, ಕುರುಡನ ದಾರಿಗೆ ಅಡ್ಡ ಇಡಬಾರದು. ತಕ್ಕಡಿ, ತೂಕದ ಕಲ್ಲು, ಅಳತೆಯ ಕೊಳಗ ಸರಿಯಾಗಿರಬೇಕು. ಇಂಥ ವಿಧಿಗಳ ನಡುವೆ ನೆರೆಯವನನ್ನು ಪ್ರೀತಿಸಬೇಕೆಂಬ ಮಾತು ಬರುತ್ತದೆ. ಅಂದರೆ ಇಲ್ಲಿ ಪ್ರೀತಿಯೆಂಬುದು ಕೂಲಿಯಲ್ಲಿ, ತೂಕದಲ್ಲಿ, ನಡೆಯಲ್ಲಿ ಕಾಣಬೇಕಾದದ್ದು. ಮನಸ್ಸು ಕರಗಲಿ ಎಂದು ಕಾದು ಕುಳಿತರೆ ಕೂಲಿಯವನ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ.

ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಇನ್ನೊಂದು ವಿಧಿಯಿದೆ. ನಿಮ್ಮ ನಡುವೆ ಬಂದು ನೆಲೆಸಿದ ಪರದೇಶಿಯನ್ನೂ ನಿಮ್ಮಂತೆಯೇ ಪ್ರೀತಿಸಬೇಕು, ಏಕೆಂದರೆ ನೀವೂ ಐಗುಪ್ತದೇಶದಲ್ಲಿ ಪರದೇಶಿಗಳಾಗಿದ್ದಿರಿ ಎಂಬುದು ಅದರ ಅಭಿಪ್ರಾಯ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮುಂಬಯಿಗೆ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದ ಮೊದಲ ದಿನ ಭಾಷೆ ತಿಳಿಯದೆ ಸ್ಟೇಷನ್ನಿನಲ್ಲಿ ನಿಂತಾಗ ಯಾರೋ ಒಬ್ಬರು ದಾರಿ ತೋರಿಸಿದ್ದು ನಮ್ಮಲ್ಲಿ ಬಹಳ ಜನರಿಗೆ ನೆನಪಿರಬಹುದು.

ಇನ್ನು ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕಥೆಗೆ ಬರೋಣ. ಅಲ್ಲಿ ಒಬ್ಬ ಧರ್ಮಶಾಸ್ತ್ರಿಯು ಈ ಎರಡು ಆಜ್ಞೆಗಳನ್ನು ತಾನೇ ಒಪ್ಪಿಸುತ್ತಾನೆ. ಆದರೆ ತಾನು ಸರಿಯೆಂದು ತೋರಿಸಿಕೊಳ್ಳಬೇಕೆಂದು, ನನ್ನ ನೆರೆಯವನು ಯಾರು ಎಂದು ಕೇಳುತ್ತಾನೆ. ಎಲ್ಲಿಯ ತನಕ ಪ್ರೀತಿಸಿದರೆ ಸಾಕು, ಗಡಿ ಎಲ್ಲಿದೆ ಹೇಳಿರಿ ಎಂಬಂತಿದೆ ಆ ಪ್ರಶ್ನೆ.

ಯೇಸು ಉತ್ತರವಾಗಿ ಒಂದು ಕಥೆ ಹೇಳಿದರು. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರು ದಾರಿ. ಯೆರೂಸಲೇಮು ಬೆಟ್ಟದ ಮೇಲೆ, ಯೆರಿಕೋ ಸಮುದ್ರಮಟ್ಟಕ್ಕಿಂತಲೂ ಕೆಳಗೆ. ನಡುವೆ ಸಾವಿರ ಮೀಟರಿಗೂ ಮೀರಿದ ಇಳಿತ, ಬೋಳುಗುಡ್ಡ, ಕೊರಕಲು, ಕಳ್ಳರು ಅಡಗಲು ಬೇಕಾದಷ್ಟು ಮರೆ. ಅಲ್ಲಿ ಒಬ್ಬನನ್ನು ಕಳ್ಳರು ಹೊಡೆದು, ಬಟ್ಟೆ ಸಹ ಕಿತ್ತುಕೊಂಡು, ಅರೆಜೀವ ಮಾಡಿ ಬಿಟ್ಟುಹೋದರು. ಒಬ್ಬ ಯಾಜಕನು ಬಂದು ನೋಡಿ ಓರೆಯಾಗಿ ಹೋದನು. ದೇವಾಲಯದ ಸೇವೆಗೆ ಸೇರಿದ ಲೇವಿಯನೂ ಹಾಗೆಯೇ ಹೋದನು. ಮೂರನೆಯವನಾಗಿ ಬಂದವನು ಸಮಾರ್ಯದವನು.

ಸಮಾರ್ಯದವನೆಂದರೆ ಕೇಳುತ್ತಿದ್ದ ಯೆಹೂದ್ಯರಿಗೆ ಸೇರದ ಹೆಸರು. ಇಬ್ಬರೂ ಮೋಶೆಯ ಗ್ರಂಥವನ್ನೇ ನಂಬಿದವರು. ಆದರೆ ಯೆಹೂದ್ಯರಿಗೆ ಯೆರೂಸಲೇಮು ಪುಣ್ಯಸ್ಥಳವಾದರೆ ಸಮಾರ್ಯದವರಿಗೆ ಗೆರಿಜ್ಜೀಮ್ ಬೆಟ್ಟ ಪುಣ್ಯಸ್ಥಳ. ಆ ಬೆಟ್ಟದ ಮೇಲಿದ್ದ ಅವರ ಗುಡಿಯನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಯೆಹೂದ್ಯ ಅರಸ ಹಿರ್ಕಾನಸನು ಕೆಡವಿಸಿದ್ದನು. ಹತ್ತಿರದವರ ಜಗಳವೇ ಹೆಚ್ಚು ಕಹಿಯೆಂಬುದು ನಮಗೂ ಗೊತ್ತು.

ಈ ಸಮಾರ್ಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು. ತನ್ನ ವಾಹನದ ಮೇಲೆ ಅವನನ್ನು ಕುಳ್ಳಿರಿಸಿ ಛತ್ರಕ್ಕೆ ತಂದು ಆರೈಕೆ ಮಾಡಿದನು. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ದೆನಾರಿಗಳನ್ನು ಕೊಟ್ಟನು. ಒಂದು ದೆನಾರಿ ಆ ಕಾಲದಲ್ಲಿ ಆಳಿನ ಒಂದು ದಿನದ ಕೂಲಿ. ಹಾಗಾದರೆ ಎರಡು ದಿನದ ದುಡಿಮೆ. ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ತೀರಿಸುವೆನೆಂದೂ ಒಪ್ಪಿಕೊಂಡನು. ಖಾನಾವಳಿಯಲ್ಲಿ ಇನ್ನೊಬ್ಬನ ಊಟವನ್ನು ತನ್ನ ಲೆಕ್ಕಕ್ಕೆ ಬರೆಸಿಕೊಳ್ಳುವುದೆಂದರೇನೆಂದು ತಿಂಗಳ ಕೊನೆಯ ವಾರವನ್ನು ಕಂಡ ನಮಗೆ ತಿಳಿಯುತ್ತದೆ.

ಕಥೆ ಮುಗಿಸಿ ಯೇಸು ಪ್ರಶ್ನೆಯನ್ನೇ ತಿರುಗಿಸಿದರು: ಈ ಮೂವರಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರು? ಧರ್ಮಶಾಸ್ತ್ರಿಯು ಸಮಾರ್ಯದವನೆಂಬ ಹೆಸರನ್ನು ಬಾಯಿಂದ ಆಡಲಿಲ್ಲ. ದಯೆ ತೋರಿಸಿದವನು ಎಂದಷ್ಟೇ ಉತ್ತರಕೊಟ್ಟನು. ನೀನೂ ಹೋಗಿ ಹಾಗೆಯೇ ಮಾಡು ಎಂಬುದು ಅವನಿಗೆ ಆದ ಅಪ್ಪಣೆ. ನೆರೆಯವನು ಯಾರೆಂದು ಪಟ್ಟಿಮಾಡುವುದು ನಮ್ಮ ಕೆಲಸವಲ್ಲ, ನಾವು ನೆರೆಯವರಾಗುವುದೇ ಕೆಲಸವೆಂದು ಇದರ ಅರ್ಥ.

ಈ ಕಥೆಯನ್ನು ನಮ್ಮ ಕಾಲಕ್ಕೆ ಹತ್ತಿರವಾಗಿ ಹೇಳಿದವರು ಅಮೆರಿಕದ ನೀಗ್ರೋ ಜನಾಂಗದ ಮುಂದಾಳು, ಸಭಾಪಾಲಕ ಮಾರ್ಟಿನ್ ಲೂಥರ್ ಕಿಂಗ್. 1968ರ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಆ ತಿಂಗಳಲ್ಲೇ ಸುಮಾರು 1,300 ಮಂದಿ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಹೋದ ಕಿಂಗ್ ಏಪ್ರಿಲ್ 3ರ ರಾತ್ರಿ ಯೆರಿಕೋ ದಾರಿಯ ಮಾತೆತ್ತಿದರು. ನಿಂತರೆ ನನ್ನ ಗತಿಯೇನು ಎಂದು ಮೊದಲಿನವರು ಯೋಚಿಸಿದರು. ನಿಲ್ಲದಿದ್ದರೆ ಇವನ ಗತಿಯೇನು ಎಂದು ಸಮಾರ್ಯದವನು ಯೋಚಿಸಿದನು ಎಂದು ಅವರು ವಿವರಿಸಿದರು. ಮರುದಿನವೇ ಅವರು ಗುಂಡಿಗೆ ಬಲಿಯಾದರು.

ದೊಡ್ಡವರ ಮಾತಾಯಿತು. ನಮ್ಮ ಮಾತನ್ನೂ ಮುಚ್ಚಿಡದೆ ಹೇಳಬೇಕು. ಒಂದು ಮಳೆಗಾಲದಲ್ಲಿ ನಮ್ಮ ಚಾಳಿನ ಪಕ್ಕದ ಖೋಲಿಯಲ್ಲಿ ಬೇರೆ ಭಾಷೆಯ ಹಮಾಲನೊಬ್ಬನು ಜ್ವರದಿಂದ ಮಲಗಿದ್ದನು. ನರಳುವುದು ಕೇಳಿಸುತ್ತಿತ್ತು. ಅವನ ಕಡೆಯವರು ಯಾರಾದರೂ ಬರುತ್ತಾರೆಂದು ನಾವು ಡಬ್ಬಿ ಹಿಡಿದು ಕೆಲಸಕ್ಕೆ ಹೋದೆವು. ಹೀಗೆ ಮೂರು ದಿನ. ನಾಲ್ಕನೆಯ ದಿನ ಚಹಾ ತರುವ ಹುಡುಗನು ಒಳಗೆ ಹೋಗಿ ನೋಡಿ, ನೀರು ಕುಡಿಸಿ, ನಮ್ಮ ಬಾಗಿಲು ತಟ್ಟಿ ಕರೆದನು. ಆಗ ಆಸ್ಪತ್ರೆಗೆ ಒಯ್ದೆವು, ಅವನು ಉಳಿದನು. ಆಸ್ಪತ್ರೆಯಲ್ಲಿ ಹೆಸರೇನೆಂದು ಕೇಳಿದಾಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ನಲ್ಲಿಯ ನೀರು ಹಿಡಿದಿದ್ದೆವು. ಆ ಮೂರು ಸಂಜೆಯೂ ನಮ್ಮ ಖೋಲಿಯಲ್ಲಿ ಪ್ರಾರ್ಥನೆ ತಪ್ಪಿರಲಿಲ್ಲ.

ಕಣ್ಣಿಗೆ ಕಾಣುವ ಸೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಯೋಹಾನನ ಪತ್ರವು ಕಟುವಾಗಿ ಹೇಳುತ್ತದೆ. ಹಾಗಾದರೆ ಮೊದಲನೆಯ ಆಜ್ಞೆ ಏಕೆ, ಎರಡನೆಯದೊಂದೇ ಸಾಲದೇ? ಸಾಲದೆಂದು ನಮಗೆ ತೋರುತ್ತದೆ. ನಮ್ಮ ಪ್ರೀತಿಯನ್ನಷ್ಟೇ ನೆಚ್ಚಿದರೆ ಅದು ಬೇಗ ದಣಿಯುತ್ತದೆ, ನಮ್ಮ ಊರಿನವನೇ, ನಮ್ಮ ಜಾತಿಯವನೇ ಎಂದು ಆರಿಸತೊಡಗುತ್ತದೆ. ದೇವರೇ ಮೊದಲು ತನ್ನನ್ನು ಪ್ರೀತಿಸಿದನೆಂದು ಕ್ರೈಸ್ತನು ನಂಬುತ್ತಾನೆ. ಯೋಗ್ಯತೆ ನೋಡದೆ ಪಡೆದದ್ದನ್ನು ಯೋಗ್ಯತೆ ನೋಡದೆ ಕೊಡುವುದೇ ಅವನ ವಿಧೇಯತೆ.

ನಮ್ಮ ಸಂಘ ಕನ್ನಡಿಗರ ಸಂಘ. ಅದರಲ್ಲಿ ತಪ್ಪಿಲ್ಲ, ದೂರದ ಊರಿನಲ್ಲಿ ತಾಯಿನುಡಿಯ ಆಸರೆ ಬೇಕೇ ಬೇಕು. ಆದರೆ ಈ ಮೇಜಿನ ಬಳಿ ಕುಳಿತು ಅರ್ಜಿ, ಫಾರಮು ತುಂಬಿಕೊಡುವ ಗುಮಾಸ್ತ ಬಂಧುಗಳಲ್ಲಿ ಒಂದು ಬಿನ್ನಹವಿದೆ. ನಾಳೆ ಕನ್ನಡ ಬಾರದವನೊಬ್ಬನು ಕಾಗದ ಹಿಡಿದು ಬಾಗಿಲಲ್ಲಿ ನಿಂತರೆ ಅವನಿಗೂ ಬರೆದುಕೊಡೋಣ. ಹೆಸರನ್ನೂ ಕೇಳಿ ತಿಳಿದುಕೊಳ್ಳೋಣ. ಚಾಳಿನಲ್ಲಿ ಎರಡು ದಿನ ಬಾಗಿಲು ತೆರೆಯದ ಖೋಲಿ ಕಂಡರೆ ಒಮ್ಮೆ ತಟ್ಟಿ ನೋಡೋಣ.